ನಾನು ಮುರಿಯದ ಕಾಲು

ನಮ್ಮ ಮನೆಯ ಅಡುಗೆಮನೆಗೂ ಅಪ್ಪನ ಶೆಡ್ಡಿಗೂ ನಡುವೆ ಇದ್ದದ್ದು ಒಂದು ಹೊಸಿಲು, ಅಷ್ಟೆ. ಬಾಗಿಲಿರಲಿಲ್ಲ. ಈಚೆ ಅವ್ವನ ಒಲೆ, ಒರಳು, ನೀರಿನ ಹಂಡೆ. ಆಚೆ ತಗಡಿನ ಮಾಡು, ಹಲಗೆಯ ಮೇಜು, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು, ನಡುವೆ ಯಾವಾಗಲೂ ಬಿಚ್ಚಿಟ್ಟ ಒಂದೋ ಎರಡೋ ಮೋಟಾರ್ ಸೈಕಲ್ಲು. ಆನೇಮಹಲಿನಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ನಿಂತ ಮನೆ ಅದು. ಏರು ಹತ್ತುವ ಲಾರಿಗಳು ಗೇರು ಬದಲಿಸುವ ಸದ್ದು ನಮ್ಮ ಮಾತಿನ ನಡುವೆ ಸದಾ ಇರುತ್ತಿತ್ತು. ಲಾರಿ ಹೋಗುವವರೆಗೆ ಮಾತು ನಿಲ್ಲಿಸುವುದು, ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುವುದು ಮನೆಯವರಿಗೆಲ್ಲ ಅಭ್ಯಾಸವಾಗಿತ್ತು. ಮದುವೆಯಾಗಿ ಹಾಸನಕ್ಕೆ ಬಂದ ಹೊಸದರಲ್ಲಿ, ಯಾವ ಲಾರಿಯೂ ಇಲ್ಲದ ಬೀದಿಯಲ್ಲಿ ನಾನು ಮಾತಿನ ಮಧ್ಯೆ ಸುಮ್ಮನೆ ನಿಂತುಬಿಡುವುದನ್ನು ನೋಡಿ ನಮ್ಮತ್ತೆ, ಈ ಹುಡುಗಿಗೆ ಏನೋ ಮರೆವಿನ ಕಾಯಿಲೆ ಅಂದುಕೊಂಡಿದ್ದರಂತೆ.

ಹೊಟ್ಟೆಪಾಡಿಗೆ ಅಪ್ಪ ಮಾಡುತ್ತಿದ್ದದ್ದು ಎಸ್ಟೇಟುಗಳ ಪಲ್ಪರ್ ರಿಪೇರಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರಗಳು ಕೊಯ್ಲಿನ ದಿನಗಳಲ್ಲಿ ಕೈಕೊಟ್ಟರೆ ಸೋಮಣ್ಣ ಮೇಸ್ತ್ರಿಯನ್ನು ಕರೆದೊಯ್ಯಲು ಜೀಪು ಮನೆಬಾಗಿಲಿಗೆ ಬರುತ್ತಿತ್ತು. ಉಳಿದ ಕಾಲವೆಲ್ಲ ಶೆಡ್ಡು. ಬಿಳಿ ದೊರೆಗಳು ತೋಟ ಮಾರಿ ಹೋಗುವಾಗ ಬಿಟ್ಟುಹೋದ ಇಂಗ್ಲೆಂಡಿನ ಮೋಟಾರ್ ಸೈಕಲ್ಲುಗಳು ಆಗ ಸುತ್ತಲಿನ ಎಸ್ಟೇಟುಗಳ ಸ್ಟೋರುಗಳಲ್ಲಿ ಗೋಣಿಚೀಲ ಹೊದ್ದು, ಕೋಳಿಗಳು ಕಾವು ಕೂರುವ ಜಾಗವಾಗಿ ನಿಂತಿದ್ದವು. ಅವನ್ನು ಗಾಡಿಗೆ ಹೇರಿಸಿಕೊಂಡು ಬಂದು, ಕೊನೆಯ ತಿರುಪಿನವರೆಗೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದದ್ದನ್ನು ತಾನೇ ಕಡೆದು ಮಾಡಿ ಮತ್ತೆ ಜೋಡಿಸುವುದೇ ಅಪ್ಪನ ಸುಖ. ಎಣ್ಣೆ ಸೋರುವ ಜಾಗಕ್ಕೆ ಮದುವೆ ಕಾಗದದ ದಪ್ಪ ರಟ್ಟು ಕತ್ತರಿಸಿ ಹಾಕುತ್ತಿದ್ದ. ಯಾರ ಮದುವೆ ಕಾಗದ ಚೆನ್ನಾಗಿ ತಡೆಯುತ್ತದೆ ಎಂಬುದರ ಮೇಲೆ ಆ ಮನೆತನದ ಅಂತಸ್ತನ್ನೂ ಅಳೆಯುತ್ತಿದ್ದ.

ಅವ್ವ ಮಗ್ಗೆ ಕಡೆಯವಳು, ಬೇಸಾಯದ ಮನೆಯಿಂದ ಬಂದವಳು. ಅವಳಿಗೆ ಕಬ್ಬಿಣ ಅಂದರೆ ಗುದ್ದಲಿ, ಕುಡುಗೋಲು. ಅವಳು ಸಂಡಿಗೆ ಒಣಗಿಸುವ ಮೊರದಲ್ಲೇ ಅಪ್ಪ ತಿರುಪುಗಳನ್ನು ಒಣಗಿಸುತ್ತಿದ್ದ. ಇಂಜಿನ್ನಿನ ಮೈಯೊಳಗೆ ಬಿಗಿಯಾಗಿ ಕೂತ ಬೇರಿಂಗನ್ನು ಹೊಡೆದು ತೆಗೆಯಬಾರದು, ಬಿಸಿ ಮಾಡಿದರೆ ಅದು ತಾನೇ ಸಡಿಲಾಗುತ್ತದೆ. ಹಾಗೆ ಬಿಸಿ ಮಾಡಲು ಅಪ್ಪನಿಗೆ ಸಿಕ್ಕಿದ್ದು ಕಡುಬು ಬೇಯಿಸುವ ಪಾತ್ರೆ. ಒಂದು ದಿನ ಅವ್ವ ಮುಚ್ಚಳ ತೆಗೆದು ನೋಡಿದಳು.

“ಏನ್ರೀ ಇದು ಕಡುಬಿನ ಪಾತ್ರೇಲಿ?”

“ಇಂಜಿನ್ನು. ಇನ್ನೊಂದೈದು ನಿಮಿಷ, ಬೆಂದೋಯ್ತದೆ.”

“ಚಟ್ನಿ ಅರೀಲಾ ಜೊತೆಗೆ?”

ಆ ವಾರ ಕಡುಬಿಗೆಲ್ಲ ಎಣ್ಣೆಯ ವಾಸನೆ. ಅಪ್ಪ ಮಾತ್ರ ಏನೂ ಆಗಿಲ್ಲವೆಂದು ತೋರಿಸಲು ದಿನಕ್ಕೆರಡು ಹೆಚ್ಚೇ ತಿಂದ. ಅವ್ವ ಅವನ ತಟ್ಟೆಗೆ ಬೇಕೆಂದೇ ಇನ್ನೂ ಒಂದೊಂದು ಹಾಕುತ್ತಿದ್ದಳು. ಜಗಳವೆಂದರೆ ಇಷ್ಟೇ. ನಮ್ಮ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ.

ನಾನು ಶೆಡ್ಡಿಗೆ ಇಳಿದದ್ದು ಬೆರಳಿನ ದೆಸೆಯಿಂದ. ಆ ಹಳೆಯ ಗಾಡಿಗಳಲ್ಲಿ ಬ್ಯಾಟರಿ ಇರಲಿಲ್ಲ. ಮ್ಯಾಗ್ನೆಟೋ ಎಂಬ ಪುಟ್ಟ ಡಬ್ಬಿ ತಾನೇ ಕಿಡಿ ಹುಟ್ಟಿಸುತ್ತಿತ್ತು. ಆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದರಲ್ಲೇ ಕಸುಬೆಲ್ಲ ಇರುವುದು. ತಡವಾಗಿ ಹಾರಿದರೆ ಗಾಡಿ ಸೋಮಾರಿಯಾಗುತ್ತದೆ. ಬೇಗ ಹಾರಿದರೆ ಕಿಕ್ಕರ್ ತುಳಿದವನ ಕಾಲನ್ನೇ ತಿರುಗಿ ಒದೆಯುತ್ತದೆ. ಅದನ್ನು ಹೊಂದಿಸಲು ಪ್ಲಗ್ಗಿನ ತೂತಿನೊಳಗೆ ಗುರುತು ಹಾಕಿದ ಕಡ್ಡಿ ಇಳಿಬಿಟ್ಟು ಪಿಸ್ಟನ್ ಎಲ್ಲಿದೆಯೆಂದು ಅಳೆಯಬೇಕು. ಆ ಕಡ್ಡಿ ನನ್ನದು, ಕಾನ್ವೆಂಟಿನ ಹೆಣಿಗೆ ತರಗತಿಯ ಉಕ್ಕಿನ ಕಡ್ಡಿ. ಜೊತೆಯ ಇನ್ನೊಂದನ್ನು ಮಾತ್ರ ಇಟ್ಟುಕೊಂಡು ಸಿಸ್ಟರಿಗೆ ವರ್ಷವೆಲ್ಲ ನೆಪ ಹೇಳಿದ್ದೆ. ಕಡ್ಡಿ ಗುರುತಿಗೆ ಬಂದಾಗ ಮ್ಯಾಗ್ನೆಟೋದೊಳಗಿನ ಎರಡು ಸಣ್ಣ ಲೋಹದ ತುಟಿಗಳು ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡವೋ ಇಲ್ಲವೋ ಎಂದು ಕಣ್ಣಿಗೆ ಕಾಣದು. ಸಿಗರೇಟು ಸುತ್ತುವ ತೆಳುಕಾಗದದ ಚೂರನ್ನು ಆ ತುಟಿಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಇರಬೇಕು. ಕಾಗದ ಸಡಿಲವಾದ ಕ್ಷಣವೇ ಕಿಡಿಯ ಕ್ಷಣ. ಅಪ್ಪನ ಬೆರಳ ತುದಿಗಳು ಜಡ್ಡುಗಟ್ಟಿ ಹೋಗಿದ್ದವು, ಬಿಸಿ ದೋಸೆಯೂ ಅವಕ್ಕೆ ತಾಗುತ್ತಿರಲಿಲ್ಲ. ಎಳೆದರೆ ಕಾಗದ ಹರಿದೇಹೋಗುತ್ತಿತ್ತು. ನಾನು ಎಂಟು ವರ್ಷದವಳಿದ್ದಾಗ ಒಂದು ಸಂಜೆ ಅಪ್ಪ ಬೇಸತ್ತು, ಹಿಡಿ ನೋಡುವ ಅಂದ. ಹಿಡಿದೆ. ಅಪ್ಪ ಚಕ್ರವನ್ನು ಇಷ್ಟಿಷ್ಟೇ ತಿರುಗಿಸಿದ. ಕಾಗದ ಒಂದು ಕ್ಷಣ ಉಸಿರು ಬಿಟ್ಟ ಹಾಗಾಯಿತು.

“ಬಿಡ್ತು,” ಅಂದೆ.

ಅಲ್ಲಿಂದ ಮುಂದೆ ಶೆಡ್ಡಿನಿಂದ ಹೊರಟ ಒಂದೊಂದು ಗಾಡಿಯೂ ನನ್ನ ಆ ಮಾತಿನ ಮೇಲೆ ಹೊರಟದ್ದು. ಇನ್ನೊಂದು ಕಟ್ಟಪ್ಪಣೆ ಇತ್ತು. ಹೊಂದಿಸಿದ ಮೇಲೆ ಹಲ್ಲುಗಾಲಿಯ ನಟ್ಟನ್ನು ಬಿಗಿ ಮಾಡುವಾಗ ಗಾಲಿ ಕೂದಲೆಳೆಯಷ್ಟು ಜಾರುವುದುಂಟು. ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಕಡ್ಡಿ, ಇನ್ನೊಮ್ಮೆ ಕಾಗದ.

“ಮೊದಲ್ನೇ ಸಲ ನೋಡೋದು ಗಾಡಿಗೆ ಕಣೆ ಪುಟ್ಟಿ. ಎರಡ್ನೇ ಸಲ ನೋಡೋದು ತುಳಿಯೋನ ಕಾಲಿಗೆ,” ಅನ್ನುತ್ತಿದ್ದ.

ಗಾಡಿ ಒಯ್ಯಲು ಬಂದವರು ಒಂದೇ ಕಿಕ್ಕಿಗೆ ಇಂಜಿನ್ನು ಗುಡುಗಿದ್ದನ್ನು ಕಂಡು, ಇದೆಂಥ ಕೈಯಯ್ಯ ನಿಂದು ಅಂದಾಗ ಅಪ್ಪ ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿ ನಗುತ್ತಿದ್ದ. ನಾನು ಹಂಡೆಯ ಮರೆಯಲ್ಲಿ ನಿಂತು ಫ್ರಾಕಿನ ಜೇಬಿನೊಳಗೆ ಕಾಗದದ ಚೂರನ್ನು ಉಂಡೆ ಮಾಡುತ್ತಾ ನಗುತ್ತಿದ್ದೆ. ಅದು ನಮ್ಮಿಬ್ಬರ ಗುಟ್ಟು ಅಂದುಕೊಂಡಿದ್ದೆ. ಗುಟ್ಟಿಗೂ ಮುಚ್ಚಿಡುವುದಕ್ಕೂ ಇರುವ ವ್ಯತ್ಯಾಸ ಆ ವಯಸ್ಸಿಗೆ ತಿಳಿಯುವಂಥದ್ದಲ್ಲ.

ಹೆತ್ತೂರು ಕಡೆಯ ದೊಡ್ಡ ಎಸ್ಟೇಟೊಂದರಿಂದ ಚಿಕ್ಕ ಸಾವ್ಕಾರರ ಗಾಡಿ ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಅಪ್ಪನ ಪಲ್ಪರ್ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮನೆಯದೇ. ಗಾಡಿಯ ಕಾರ್ಬುರೇಟರಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಟ್ಯಾಂಕಿನ ತಳ ಜರಡಿಯಾಗಿತ್ತು. ಮೂರು ತಿಂಗಳು ಅದು ನಮ್ಮ ಮನೆಗೆ ಬಂದ ನೆಂಟನಂತಿತ್ತು. ಅವ್ವ ಕೂಡ ಗುಡಿಸುವಾಗ ಅದರ ಸುತ್ತ ಬಳಸಿಕೊಂಡು ಗುಡಿಸುತ್ತಿದ್ದಳು. ಅಪ್ಪ ಬ್ರೇಕು ಮೊದಲಿಗಿಂತ ಚೆನ್ನಾಗಿ ಹಿಡಿಯುವಂತೆ ಮಾಡಿದ, ಸೀಟಿನ ಸ್ಪ್ರಿಂಗುಗಳನ್ನು ನಮ್ಮ ರಸ್ತೆಗೆ ತಕ್ಕಂತೆ ಬದಲಿಸಿದ. ಕಪ್ಪು ಟ್ಯಾಂಕಿನ ಮೇಲೆ ಅಳಿಲಿನ ಬಾಲದ ಕೂದಲಿನ ಬ್ರಷ್ಷಿನಿಂದ ಚಿನ್ನದ ಗೆರೆ ಎಳೆದ ದಿನ ನಾನೂ ಅಪ್ಪನೂ ಇಬ್ಬರೂ ಉಸಿರು ಹಿಡಿದಿದ್ದೆವು. ಇನ್ನು ಉಳಿದದ್ದು ಕಿಡಿಯ ಗಳಿಗೆ ಹೊಂದಿಸುವ ಟೈಮಿಂಗ್ ಒಂದೇ. ಮಾರನೆಯ ದಿನ ಕಾನ್ವೆಂಟಿನಲ್ಲಿ ಕಸೂತಿ ಪ್ರದರ್ಶನ. ನನ್ನದೊಂದು ಮೇಜುಬಟ್ಟೆ ಇತ್ತು. ಹೋಗುವುದಿಲ್ಲ ಅಂದೆ.

“ಹೋಗು ಪುಟ್ಟಿ. ನೀನು ಬಂದ್ಮೇಲೇ ಟೈಮಿಂಗು. ಅಲ್ಲೀಗಂಟ ನಾನು ಮುಟ್ಟಲ್ಲ,” ಅಂದ ಅಪ್ಪ.

ಸಂಜೆ ಬಸ್ಸಿಳಿದು ಬಂದಾಗ ಶೆಡ್ಡು ಖಾಲಿ. ಅವ್ವ ಸಾರಿಸಿದ ಅಂಗಳದ ಮೇಲೆ ಒಂದೇ ಒಂದು ಟೈರಿನ ಗುರುತು ರಸ್ತೆಯವರೆಗೂ ಹೋಗಿತ್ತು. ಮೇಜಿನ ಮೇಲೆ ನನ್ನ ಕಡ್ಡಿ ಎಣ್ಣೆ ಒರೆಸದೆ ಬಿದ್ದಿತ್ತು. ಅಪ್ಪ ಬಹಳ ಖುಷಿಯಲ್ಲಿದ್ದ. ಕಾಗದದಲ್ಲಿ ಕಟ್ಟಿಸಿಕೊಂಡು ಬಂದ ಬೋಂಡ ನನ್ನ ಕಡೆ ತಳ್ಳಿದ.

“ಗಾಡಿ ಎಲ್ಲಪ್ಪಾ?”

“ಚಿಕ್ಕ ಸಾವ್ಕಾರ್ರು ಬಂದ್ಬುಟ್ರು ಕಣೆ. ನಾಳೆ ನೆಂಟ್ರು ಬತ್ತಾರಂತೆ, ಅವ್ರ ಮುಂದೆ ಓಡಿಸ್ಬೇಕಂತೆ. ನನ್ ಮಗಳು ಸ್ಕೂಲಿಂದ ಬರ್ಲಿ ತಡೀರಿ ಅಂತ ಹೇಳಕಾಯ್ತದಾ?”

“ಮತ್ತೆ ಟೈಮಿಂಗು?”

“ಹಾಕ್ದೆ. ಇಲ್ಲೇ ಒಂದೇ ಕಿಕ್ಕಿಗೆ ಹತ್ತಿಸ್ದೆ.”

“ಬಿಗಿ ಮಾಡಿದ್ಮೇಲೆ ಇನ್ನೊಂದ್ಸಲ ನೋಡಿದ್ಯಾ?”

ಅಷ್ಟರಲ್ಲಿ ಲಾರಿಯೊಂದು ಏರು ಹತ್ತಿತು. ಅದು ಹೋದ ಮೇಲೆ ಅಪ್ಪ ಬೋಂಡದ ಪೊಟ್ಟಣವನ್ನು ಇನ್ನಷ್ಟು ಈಚೆ ತಳ್ಳಿದ. ತಿನ್ನು, ಆರೋಯ್ತದೆ, ಅಂದ.

ನಾಲ್ಕನೆಯ ದಿನ ಜೀಪು ಬಂತು. ಚಿಕ್ಕ ಸಾವ್ಕಾರರನ್ನು ಇಬ್ಬರು ಆಳುಗಳು ಹಿಡಿದು ಇಳಿಸಿದರು. ಬಲಗಾಲಿಗೆ ಬೆರಳಿನಿಂದ ಮೊಣಕಾಲಿನವರೆಗೂ ಬಿಳಿ ಪ್ಲಾಸ್ಟರು. ಹಿಂದೆಯೇ ಅವರ ತಂದೆ ದೊಡ್ಡ ಸಾವ್ಕಾರರು. ಮನೆಯಲ್ಲಿದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಮಗನನ್ನು ಕೂರಿಸಿ, ಕಾಲಿಡಲು ಅವ್ವ ಸ್ಟೂಲು ತಂದು ಅದರ ಮೇಲೆ ಟವೆಲ್ಲು ಮಡಚಿ ಹಾಕಿದಳು.

“ಏನಯ್ಯಾ ಸೋಮಣ್ಣ, ಗಾಡಿ ಕೊಟ್ಯಾ, ಕತ್ತೆ ಕೊಟ್ಯಾ? ನನ್ ಮಗನ್ನೇ ಒದ್ದೈತಲ್ಲೋ!” ಅಂದರು ದೊಡ್ಡ ಸಾವ್ಕಾರರು.

“ಎರಡು ದಿನ ಚೆನ್ನಾಗೇ ಓಡ್ತು ಮಾರಾಯ,” ಚಿಕ್ಕವರು ನಗಲು ನೋಡಿದರು. “ನಿನ್ನೆ ಬೆಳಿಗ್ಗೆ ಹಿಂಗ್ ತುಳ್ದೆ, ಹಂಗ್ ವಾಪಸ್ ಬಂತು ಕಿಕ್ಕರ್ರು. ಲಟಕ್ ಅಂತು, ಅಷ್ಟೇ ಗೊತ್ತು.”

“ಮುಂದಿನ ತಿಂಗ್ಳು ಹಣ್ಣು ಕುಯ್ಲು. ಇಂಥ ಕೈಗೆ ಪಲ್ಪರ್ ನಂಬಿ ಕೊಡೋದೆಂಗೆ, ನೀನೇ ಹೇಳು.”

ಅಪ್ಪ ಬಟ್ಟೆಯ ತುಂಡಿನಲ್ಲಿ ಕೈ ಒರೆಸಿಕೊಂಡ. ಆಗಲೇ ತೊಳೆದ ಕೈ ಅದು. ಇನ್ನೊಮ್ಮೆ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

“ನನ್ ಕೈ ಕೆಲ್ಸ ಅಲ್ಲ ಸಾವ್ಕಾರ್ರೇ. ನಮ್ ಹುಡುಗಿ... ನಾನಿಲ್ದಾಗ ಏನೋ ಕೈಯಾಡಿಸ್ಬುಟ್ಟವ್ಳೆ. ಆಟಕ್ಕೆ.”

ನನ್ನ ಕೈ ಆ ಶೆಡ್ಡಿನಲ್ಲಿ ಕೆಲಸ ಮಾಡಿತ್ತೆಂದು ಅಪ್ಪ ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ತಮಾಷೆ ಮಾಡುವಾಗ ಅವನ ಎಡಗಣ್ಣು ಸ್ವಲ್ಪ ಕಿರಿದಾಗುತ್ತಿತ್ತು. ಅದು ಕಿರಿದಾಗಲಿ ಎಂದು ಕಾದೆ.

ದೊಡ್ಡ ಸಾವ್ಕಾರರು ಜೋರಾಗಿ ನಕ್ಕರು. ಜೀಪಿನ ಹತ್ತಿರ ನಿಂತಿದ್ದ ಆಳುಗಳೂ ನಕ್ಕರು.

“ಹೆಣ್ಣೈಕ್ಳನ್ನ ಶೆಡ್ಡಿಗೆ ಬುಟ್ಟು ನನ್ ಮಗನ ಕಾಲು ಮುರಿಸಿದ್ಯಲ್ಲೋ! ಏನಮ್ಮಾ, ಕಾನ್ವೆಂಟಲ್ಲಿ ಇದ್ನೂ ಹೇಳ್ಕೊಡ್ತಾರಾ?”

ಅವ್ವ ಕಾಫಿಯ ತಟ್ಟೆ ಹಿಡಿದು ಹೊಸಿಲ ಮೇಲೆ ನಿಂತಿದ್ದಳು. ತಟ್ಟೆಯಲ್ಲಿದ್ದ ಲೋಟಗಳು ಅಲುಗಲಿಲ್ಲ. ಅಂದಿನದರಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವುದು ಅದು, ಆ ಲೋಟಗಳು ಅಲುಗದೆ ಇದ್ದದ್ದು. ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋಗಿ ಎಲೆ ಅಡಿಕೆಯ ತಟ್ಟೆ ತಂದಳು. ನಮ್ಮ ಕಡೆ ದೊಡ್ಡ ತಪ್ಪಾದರೆ ಬರಿಗೈಯಲ್ಲಿ ಕ್ಷಮೆ ಕೇಳುವುದಿಲ್ಲ. ತಟ್ಟೆಯನ್ನು ನನ್ನ ಕೈಗಿಟ್ಟು ಕಿವಿಯ ಹತ್ತಿರ ಬಗ್ಗಿದಳು.

“ಕಾಲು ಮುಟ್ಟಿ ತಪ್ಪಾಯ್ತು ಅನ್ನು ಪುಟ್ಟಿ. ಒಂದ್ ಮಾತು, ಅಷ್ಟೇ.”

“ಅವತ್ತು ನಾನು ಸ್ಕೂಲಲ್ಲಿದ್ದೆ ಕಣವ್ವಾ.”

“ಗೊತ್ತು,” ಅಂದಳು ಅವ್ವ. ಅಂದು, ಬೆನ್ನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಪ್ಲಾಸ್ಟರು ಮುಟ್ಟಲು ತಣ್ಣಗಿತ್ತು, ಒಣಗಿದ ಅಕ್ಕಿಹಿಟ್ಟಿನ ಹಾಗೆ ತರಿತರಿಯಾಗಿತ್ತು. ಹಿಮ್ಮಡಿಯ ಹತ್ತಿರ ಒಂದು ಕಡೆ ಸರಿಯಾಗಿ ನುಣುಪಾಗಿರಲಿಲ್ಲ. ತೆಳುಕಾಗದ ಸಡಿಲವಾಗುವುದನ್ನು ಹಿಡಿಯುವ ಬೆರಳು ಬೇಡವೆಂದರೂ ಇದನ್ನೆಲ್ಲ ಹಿಡಿದಿಟ್ಟುಕೊಂಡಿತು. ತಪ್ಪಾಯ್ತು ಅಂದೆ. ಚಿಕ್ಕ ಸಾವ್ಕಾರರು ಒಳ್ಳೆಯವರು. ಬಗ್ಗಲಾಗದಿದ್ದರೂ ಬಗ್ಗಿ ನನ್ನ ತಲೆ ಸವರಿದರು.

“ಹೋಗ್ಲಿ ಬುಡು ಮಗ. ಇನ್ಮೇಲೆ ಗಾಡಿ ತಂಟೆಗೆ ಹೋಗ್ಬ್ಯಾಡ, ಆಯ್ತಾ?”

ಮಾಡದ ತಪ್ಪಿಗೆ ಸಿಗುವ ಕ್ಷಮೆಯಷ್ಟು ಭಾರವಾದದ್ದನ್ನು ಆಮೇಲೆ ನಾನು ಹೊತ್ತಿಲ್ಲ. ಅವರು ಬೈದಿದ್ದರೆ ಎದುರು ಮಾತಾಡುತ್ತಿದ್ದೆನೋ ಏನೋ.

ಪಲ್ಪರ್ ಕೆಲಸ ಉಳಿಯಿತು. ಆ ವಾರವೇ ಬಡಗಿ ಬಂದು ಅಡುಗೆಮನೆಗೂ ಶೆಡ್ಡಿಗೂ ನಡುವೆ ಬಾಗಿಲು ಕೂರಿಸಿದ. ಅಗುಳಿ ಶೆಡ್ಡಿನ ಕಡೆಗೆ. ಎಸ್ಟೇಟಿನವರು ಯಾರಾದರೂ ಬಂದಾಗ ಅದು ಹಾಕಿರುವುದು ಕಾಣಬೇಕಿತ್ತು. ಮೊದಮೊದಲು ಅವರು ಬಂದಾಗ ಮಾತ್ರ ಅಪ್ಪ ಹಾಕುತ್ತಿದ್ದ, ಕ್ರಮೇಣ ಯಾವಾಗಲೂ ಹಾಕಿಯೇ ಇರುತ್ತಿತ್ತು. ನಾನು ತಟ್ಟಲಿಲ್ಲ, ಅಪ್ಪ ಕರೆಯಲಿಲ್ಲ. ಪೇಟೆಯಿಂದ ಒಂದು ಸಣ್ಣ ಬಲ್ಬು, ಸೆಲ್ಲು, ತಂತಿ ತಂದು ಮ್ಯಾಗ್ನೆಟೋಗೆ ಸಿಕ್ಕಿಸಿಕೊಂಡ. ತುಟಿ ಬಿಡಿಸಿಕೊಂಡಾಗ ಬೆಳಕು ಸ್ವಲ್ಪವೇ ಸ್ವಲ್ಪ ಮಂಕಾಗುತ್ತಿತ್ತು. ಅದನ್ನು ಕಾಣಲು ಅಪ್ಪ ಗೋಣಿ ಹೊದ್ದು ಕತ್ತಲು ಮಾಡಿಕೊಂಡು ಕೂರುತ್ತಿದ್ದ. ನಾನು ಅಡುಗೆಮನೆಯ ಕಿಟಕಿಯಿಂದ ಆ ಗೋಣಿಯ ಬೆನ್ನು ನೋಡುತ್ತಾ ಬೀನ್ಸಿನ ನಾರು ತೆಗೆಯುತ್ತಿದ್ದೆ. ಅದೇ ತಿಂಗಳು ನನಗೆಂದು ಬಣ್ಣದ ಪೆನ್ಸಿಲ್ಲುಗಳ ದೊಡ್ಡ ಡಬ್ಬಿಯೊಂದನ್ನು ತಂದು ನನ್ನ ಪುಸ್ತಕದ ಚೀಲದ ಮೇಲಿಟ್ಟಿದ್ದ. ನಾನು ಎಲ್ಲ ಬಣ್ಣವನ್ನೂ ಉಜ್ಜಿ ಮುಗಿಸಿದೆ. ಮುಟ್ಟದೆ ಇಟ್ಟು ಸಿಟ್ಟು ತೋರಿಸುವಷ್ಟು ದೊಡ್ಡವಳಾಗಿರಲಿಲ್ಲ.

ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಎಂಬ ಪೀರಿಯಡ್ಡು ಇತ್ತು. ನೀವು ಮಾಡಿದ ಒಂದು ತಪ್ಪನ್ನು ಬರೆಯಿರಿ, ಯಾರಿಗೂ ತೋರಿಸುವುದಿಲ್ಲ ಅಂದರು ಸಿಸ್ಟರ್. ಪಕ್ಕದವಳು ಸಕ್ಕರೆ ಕದ್ದದ್ದು ಬರೆದಳು. ನಾನು ಬಹಳ ಹೊತ್ತು ಕೂತಿದ್ದು, ಕೂಡಿಸಿ ಬರೆಯುವ ಚೆಂದದ ಇಂಗ್ಲಿಷ್ ಅಕ್ಷರದಲ್ಲಿ, ನನ್ನಿಂದಾಗಿ ಒಬ್ಬರ ಕಾಲು ಮುರಿಯಿತು ಎಂದು ಬರೆದೆ. ಪುಸ್ತಕ ವಾಪಸು ಬಂದಾಗ ಕೆಂಪು ಶಾಯಿಯಲ್ಲಿ ಒಂದು ನಕ್ಷತ್ರ, ಅದರ ಕೆಳಗೆ ‘ಹಾನೆಸ್ಟ್ ಗರ್ಲ್’ ಎಂದಿತ್ತು. ನನ್ನ ಜೀವಮಾನದಲ್ಲಿ ನಾನು ಬರೆದ ಒಂದೇ ದೊಡ್ಡ ಸುಳ್ಳಿಗೆ ಸಿಕ್ಕ ಬಹುಮಾನ ಅದು.

ಆಮೇಲೆ ಅದು ರೂಢಿಯಾಯಿತು. ಹಾಸ್ಟೆಲ್ಲಿನಲ್ಲಿ ನಲ್ಲಿ ಮುರಿದರೆ ನಾನೇ ಇರಬೇಕು ಅನ್ನುತ್ತಿದ್ದೆ. ಮದುವೆಯಾದ ಮೇಲೆ ಸಾರಿಗೆ ಉಪ್ಪು ಹೆಚ್ಚಾದರೆ, ಬಸ್ಸು ತಪ್ಪಿದರೆ, ಮಗುವಿಗೆ ಜ್ವರ ಬಂದರೆ ಎಲ್ಲರಿಗಿಂತ ಮೊದಲು ಸಾರಿ ಹೇಳುವವಳು ನಾನು. ಎಷ್ಟು ಮೆತ್ತನೆ ಹೆಂಗಸು ಅಂತ ನೆಂಟರು ಹೊಗಳುತ್ತಾರೆ. ಯಾರ ಮೇಲೂ ಒಂದು ಮಾತು ಹೊರಿಸುವುದಿಲ್ಲ ಅನ್ನುತ್ತಾರೆ. ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತೇನೆ, ಗ್ಯಾಸು ಆರಿಸಿ ಎರಡು ಸಲ ತಿರುಗಿಸಿ ನೋಡುತ್ತೇನೆ. ನನ್ನ ಯಜಮಾನರು ತಮಾಷೆ ಮಾಡುತ್ತಾರೆ. ಯಾಕೆಂದು ಅವರಿಗೆ ಯಾವತ್ತೂ ಹೇಳಿಲ್ಲ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ತಮ್ಮನ ಸಂಸಾರದ ಜೊತೆ ಅದೇ ಮನೆಯಲ್ಲಿದ್ದಾನೆ. ಕೈ ನಡುಗುತ್ತದೆ. ಆದರೂ ಹಳೆಯ ಗಾಡಿಗಳ ಹುಚ್ಚಿನ ಹುಡುಗರು ದೂರದೂರದಿಂದ ಹುಡುಕಿಕೊಂಡು ಬಂದು, ಇಂಜಿನ್ನಿನ ಸದ್ದು ಕೇಳಿಸಿ ರೋಗ ಹೇಳಿಸಿಕೊಂಡು ಹೋಗುತ್ತಾರೆ. ಕಳೆದ ಸಲ ನಾನು ಹೋಗಿದ್ದ ಭಾನುವಾರವೂ ನಾಲ್ಕು ಜನ ಬಂದಿದ್ದರು. ಒಬ್ಬ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ. ನಾನು ಕಾಫಿ ಕೊಡುತ್ತಿದ್ದೆ.

“ಅಜ್ಜಾ, ನಿಮ್ಮ ಕೆಲಸದಲ್ಲಿ ಯಾವತ್ತೂ ಮಿಸ್ಟೇಕೇ ಆಗಿಲ್ವಾ?” ಅಂತ ಒಬ್ಬ ಕೇಳಿದ.

“ನಂದಾಗಿಲ್ಲ. ಇವ್ಳದಾಗೈತೆ!” ಅಪ್ಪ ನನ್ನ ಕಡೆ ಬೆರಳು ತೋರಿಸಿ ನಕ್ಕ. “ಇಷ್ಟುದ್ದ ಇದ್ಲು. ಪಲ್ಪರ್ ಕೆಲ್ಸ ಮುಗಿಸ್ಕಂಡು ಬತ್ತೀನಿ, ಸ್ಪ್ಯಾನರ್ ಹಿಡ್ಕಂಡು ಗಾಡಿ ಮುಂದೆ ಕೂತವ್ಳೆ.  ಕಣ್ಣಾರೆ ನೋಡ್ದೆ. ಟೈಮಿಂಗೆಲ್ಲ ಕೆಡಿಸಿಟ್ಟವ್ಳೆ. ಅದ್ನ ತುಳ್ದು ಒಬ್ರು ಸಾವ್ಕಾರ್ರು ಕಾಲೇ ಮುರ್ಕಂಡ್ರು!”

ಸ್ಪ್ಯಾನರು ಯಾವಾಗ ಬಂತು, ಕಣ್ಣಾರೆ ನೋಡಿದ್ದು ಯಾವಾಗ ಸೇರಿತು ನನಗೆ ತಿಳಿಯದು. ಸುಳ್ಳು ಹೇಳುವಾಗಿನ ಅಪ್ಪನ ಮುಖವನ್ನು ನಾನು ಒಮ್ಮೆ ನೋಡಿದ್ದೆ. ಆ ಮುಖ ಅಲ್ಲಿರಲಿಲ್ಲ. ಅವನಿಗೆ ಹಾಗೆಯೇ ನೆನಪಿತ್ತು. ಇಷ್ಟು ವರ್ಷ ನಾನು ಕಾದದ್ದು ಅವನು ಒಂದು ದಿನ ಒಪ್ಪಿಕೊಳ್ಳುತ್ತಾನೆ ಅಂತ. ಒಪ್ಪಿಕೊಳ್ಳಲು ಅವನ ಹತ್ತಿರ ಈಗ ಏನೂ ಉಳಿದಿರಲಿಲ್ಲ.

“ನಾನಲ್ಲ ಅಪ್ಪ. ಅವತ್ತು ನಾನು ಸ್ಕೂಲಲ್ಲಿದ್ದೆ,” ಅಂದೆ. ಅವನಿಗೆ ಅದನ್ನು ಹೇಳಿದ್ದು ಅದೇ ಮೊದಲ ಸಲ.

“ನೋಡುದ್ರಾ? ಈಗ್ಲೂ ಒಪ್ಕಳಲ್ಲ!”

ಹುಡುಗರು ಗೊಳ್ಳೆಂದು ನಕ್ಕರು. ಫೋನಿನವನು ನನ್ನ ಮುಖದ ಕಡೆ ತಿರುಗಿಸಿದ. ಅಭ್ಯಾಸಬಲದಿಂದ ನಾನೂ ನಕ್ಕೆ.

ಒಳಗೆ ಅವ್ವ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಅಲ್ಲಿಗೆ ಎಲ್ಲವೂ ಕೇಳುತ್ತದೆ.

“ನಿಂಗಾದ್ರೂ ನೆನಪೈತಾ ಅವ್ವಾ?”

ತುರಿಯುವುದನ್ನು ನಿಲ್ಲಿಸಿದಳು. “ಐತೆ.”

“ಮತ್ತೆ ಯಾಕೆ ಹೇಳ್ಲಿಲ್ಲ? ಅವತ್ತು ಬ್ಯಾಡ, ಆಮೇಲಾದ್ರೂ?”

“ಅವತ್ತು ಒಲೆ ಉರೀಬೇಕಿತ್ತು. ಆಮೇಲೆ... ನೀನೂ ಏನೂ ಅನ್ಲಿಲ್ಲ. ಮಗು, ಮರ್ತೋಗೈತೆ ಅಂದ್ಕಂಡೆ.” ನನ್ನ ಮುಖ ನೋಡಿದಳು. “ಈಗ ಹೋಗಿ ಹೇಳ್ಲಾ?”

ಬೇಡ ಬಿಡು ಅನ್ನುತ್ತೇನೆ ಅಂದುಕೊಂಡೇ ಅವಳು ಕೇಳಿದ್ದು. ಬೇಡ ಬಿಡು ಅನ್ನುವುದೇ ನನ್ನ ಗುಣ.

“ಹೇಳವ್ವಾ,” ಅಂದೆ. “ಹೋಗಿ ಹೇಳು.”

ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದುಕೊಂಡು ಬಾಗಿಲವರೆಗೂ ಹೋದಳು. ಹೊರಗೆ ಅಪ್ಪ ಒಂದು ಗಾಡಿಯ ಟ್ಯಾಂಕಿನ ಮೇಲೆ ಅಂಗೈಯಿಟ್ಟುಕೊಂಡು ಇನ್ನೂ ನಗುತ್ತಲೇ ಇದ್ದ.

“ಕೇಳಿಸ್ತೇನ್ರೀ,” ಅಂದಳು ಅವ್ವ.

“ಏನೇ?”

ಹುಡುಗರೂ ತಿರುಗಿ ನೋಡಿದರು. ನಾನು ತುರಿಮಣೆಯ ಪಕ್ಕದಲ್ಲಿ ನಿಂತುಕೊಂಡೇ ಇದ್ದೆ.

“ಏನಿಲ್ಲ. ಇನ್ನೊಂದೊಂದ್ ಲೋಟ ಕಾಫಿ ಬೇಕಾ ಅಂತ.”

ಬೇಕು ಅಂದರು. ನಾನು ಹಾಲು ಬಿಸಿಗಿಟ್ಟೆ.